ಸೆಕೆಂಡಿಗೆ ಆ ಹೆಸರು ಹೇಗೆ ಬಂತು?

"ಒಂದು ಸೆಕೆಂಡ್ ಇರು, ಬಂದೆ" ಎಂದು ನಾವು ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ಲೆಕ್ಕವಿಲ್ಲ. ಹಾಗೆ ಹೇಳಿ ಹೋದವರು ಹತ್ತು ನಿಮಿಷವಾದರೂ ಬರುವುದಿಲ್ಲ, ಆ ಮಾತು ಬೇರೆ. ಸೆಕೆಂಡ್ ಎಂಬುದು ಇಂಗ್ಲಿಷ್ ಪದವಾದರೂ ಅಕ್ಷರ ಕಲಿಯದ ಅಜ್ಜಿಯ ಬಾಯಲ್ಲಿಯೂ ಅದು ಸಲೀಸಾಗಿ ಓಡಾಡುತ್ತದೆ.

ಈಗ ಇನ್ನೊಂದು ಬಗೆಯ ಮಾತುಗಳನ್ನು ನೆನಪಿಸಿಕೊಳ್ಳಿ. ಅಕ್ಕ ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಮಾವ ಸೆಕೆಂಡ್ ಷೋ ಸಿನಿಮಾಕ್ಕೆ ಹೋದರು. ಏರು ಬಂದಾಗ ಬಸ್ಸಿನ ಡ್ರೈವರು ಸೆಕೆಂಡ್ ಗೇರಿಗೆ ಬದಲಾಯಿಸುತ್ತಾರೆ. ಇಲ್ಲೆಲ್ಲ ಸೆಕೆಂಡ್ ಎಂದರೆ 'ಎರಡನೆಯದು' ಎಂದು ನಿಮಗೆ ಗೊತ್ತು. ಹಾಗಾದರೆ ಗಡಿಯಾರದ ಮುಳ್ಳು 'ಟಿಕ್' ಎನ್ನುವಷ್ಟು ಕಾಲಕ್ಕೂ 'ಎರಡನೆಯದು' ಎಂದೇ ಹೆಸರು ಏಕೆ? ಅದು ಎರಡನೆಯದಾದರೆ ಮೊದಲನೆಯದು ಎಲ್ಲಿದೆ?

ಇವು ಬೇರೆ ಬೇರೆ ಪದಗಳು, ಉಚ್ಚಾರಣೆ ಮಾತ್ರ ಒಂದೇ ಎಂದು ನೀವು ಊಹಿಸಿರಬಹುದು. ಹಾಗಲ್ಲ. ಎರಡೂ ಒಂದೇ ಪದ. ಮೊದಲನೆಯದೂ ಇದೆ. ಅದನ್ನು ನೀವು ದಿನವೂ ನೋಡುತ್ತೀರಿ. ಆದರೆ ಅದಕ್ಕೆ 'ಮೊದಲನೆಯದು' ಎಂಬ ಹೆಸರು ಉಳಿದಿಲ್ಲ, ಅಷ್ಟೆ.

ಹಿಂದೆ ಬರುವವನು

ಮೊದಲು ಪದದ ಮೂಲವನ್ನು ನೋಡೋಣ. ಪ್ರಾಚೀನ ರೋಮಿನವರ ಭಾಷೆ ಲ್ಯಾಟಿನ್. ಅದರಲ್ಲಿ 'ಸೆಕ್ವಿ' ಎಂದರೆ ಹಿಂಬಾಲಿಸುವುದು. ಅದರಿಂದ 'ಸೆಕುಂದುಸ್' ಎಂಬ ಪದ ಬಂತು. ಹಿಂದೆ ಬರುವವನು ಎಂದು ಅದರ ಅರ್ಥ. ಮೊದಲನೆಯವನ ಹಿಂದೆ ಬರುವವನು ಎರಡನೆಯವನೇ ತಾನೆ? ಒಂದರ ಹಿಂದೆ ಒಂದು ಬರುವ ಸಾಲಿಗೆ ಇಂಗ್ಲಿಷಿನಲ್ಲಿ ಸೀಕ್ವೆನ್ಸ್ ಎನ್ನುತ್ತಾರೆ. ಒಂದು ಸಿನಿಮಾದ ಕಥೆಯನ್ನು ಮುಂದುವರಿಸಿ ತೆಗೆದ ಸಿನಿಮಾಕ್ಕೆ ಸೀಕ್ವೆಲ್ ಎನ್ನುತ್ತಾರೆ. ಇವೆಲ್ಲ ಸೆಕೆಂಡಿನ ದಾಯಾದಿಗಳು.

ಸಭೆಗಳಲ್ಲಿ ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಹೀಗೆ ಅನುಮೋದಿಸುವುದಕ್ಕೂ ಇಂಗ್ಲಿಷಿನಲ್ಲಿ 'ಸೆಕೆಂಡ್' ಎಂದೇ ಹೇಳುತ್ತಾರೆ. ಮೊದಲು ಮಾತನಾಡಿದವರ ಹಿಂದೆ ನಿಲ್ಲುವುದು ಎಂಬ ಭಾವ ಅಲ್ಲಿಯೂ ಇದೆ.

ಇಂಗ್ಲಿಷಿನ ಸಂಖ್ಯೆಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಫೋರ್‌ನಿಂದ ಫೋರ್ತ್, ಸಿಕ್ಸ್‌ನಿಂದ ಸಿಕ್ಸ್ತ್ ಆಗುತ್ತದೆ. ನಮ್ಮಲ್ಲಿ ನಾಲ್ಕರಿಂದ ನಾಲ್ಕನೆಯ, ಆರರಿಂದ ಆರನೆಯ ಆದಂತೆ. ಆದರೆ 'ಟೂ' ಎಂಬುದಕ್ಕೂ 'ಸೆಕೆಂಡ್' ಎಂಬುದಕ್ಕೂ ಯಾವ ಹೋಲಿಕೆಯೂ ಇಲ್ಲ. ಏಕೆಂದರೆ ಅದು ಎರವಲು ಪದ. ಹಳೆಯ ಇಂಗ್ಲಿಷಿನಲ್ಲಿ ಎರಡನೆಯದಕ್ಕೆ 'ಅದರ್' ಎಂಬ ಪದವನ್ನೇ, ಎಂದರೆ 'ಇನ್ನೊಂದು' ಎಂಬ ಪದವನ್ನೇ, ಬಳಸುತ್ತಿದ್ದರು. ಇದರಿಂದ ಗೊಂದಲವಾಗುತ್ತಿದ್ದಿರಬೇಕು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಆ ಬಳಿಕ ಫ್ರೆಂಚ್ ಪದಗಳು ಇಂಗ್ಲಿಷಿಗೆ ಹರಿದುಬಂದವು. ಸುಮಾರು 1300ರ ಹೊತ್ತಿಗೆ ಸೆಕೆಂಡ್ ಕೂಡ ಬಂತು. ಹಳೆಯ ಬಳಕೆಯ ಕುರುಹು ಇಂದಿಗೂ ಒಂದು ಕಡೆ ಉಳಿದಿದೆ. ದಿನ ಬಿಟ್ಟು ದಿನ ಎನ್ನಲು ಇಂಗ್ಲಿಷರು 'ಎವೆರಿ ಅದರ್ ಡೇ' ಎನ್ನುತ್ತಾರೆ.

ಅರವತ್ತರ ಮೋಹ

ಇನ್ನು ಕಾಲದ ಸೆಕೆಂಡಿಗೆ ಬರೋಣ. ಇದಕ್ಕಾಗಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಕ್ಕೆ, ಇಂದಿನ ಇರಾಕ್ ದೇಶದಲ್ಲಿದ್ದ ಬ್ಯಾಬಿಲೋನಿಯಕ್ಕೆ ಹೋಗಬೇಕು. ಅಲ್ಲಿನವರು ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ ಕಡ್ಡಿಯಿಂದ ಒತ್ತಿ ಲೆಕ್ಕ ಬರೆಯುತ್ತಿದ್ದರು. ನಾವು ಹತ್ತು ಹತ್ತಾಗಿ ಎಣಿಸುವಂತೆ ಅವರು ಅರವತ್ತು ಅರವತ್ತಾಗಿ ಎಣಿಸುತ್ತಿದ್ದರು.

ಅರವತ್ತರಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು, ಪಟ್ಟಿ ಮಾಡಿ ನೋಡಿ. 1, 2, 3, 4, 5, 6, 10, 12, 15, 20, 30, 60. ಒಟ್ಟು ಹನ್ನೆರಡು. ಹತ್ತಕ್ಕೆ ಇರುವುದು ನಾಲ್ಕೇ. ನೂರಕ್ಕೂ ಒಂಬತ್ತೇ. ನೂರು ರೂಪಾಯಿಯನ್ನು ಮೂವರಿಗೆ ಹಂಚಲು ಹೋದರೆ ಚಿಲ್ಲರೆ ಜಗಳ ತಪ್ಪಿದ್ದಲ್ಲ. ಅರವತ್ತನ್ನಾದರೆ ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಐವರಿಗೆ, ಆರು ಜನರಿಗೆ ಸಲೀಸಾಗಿ ಹಂಚಬಹುದು.

ಈ ಲೆಕ್ಕವನ್ನು ಗ್ರೀಕರು ಕಲಿತರು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿ ಎಂಬ ಖಗೋಳಜ್ಞ ವೃತ್ತವನ್ನು 360 ಡಿಗ್ರಿಗಳಾಗಿ ಭಾಗಿಸಿ, ಗ್ರಹ ನಕ್ಷತ್ರಗಳ ಸ್ಥಾನಗಳನ್ನು ಬರೆದ. ಒಂದು ಡಿಗ್ರಿಗಿಂತ ಚಿಕ್ಕ ಅಳತೆ ಬೇಕಾದಾಗ ಡಿಗ್ರಿಯನ್ನು ಅರವತ್ತು ಭಾಗ ಮಾಡಿದ. ಅದೂ ಸಾಲದಿದ್ದಾಗ ಆ ಒಂದೊಂದು ಭಾಗವನ್ನೂ ಮತ್ತೆ ಅರವತ್ತು ಭಾಗ ಮಾಡಿದ.

ಇಂಥ ಗ್ರಂಥಗಳು ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಬಂದವು. ಲ್ಯಾಟಿನ್ನಿನಲ್ಲಿ ಬರೆದವರು ಮೊದಲ ಸಲ ಭಾಗಿಸಿದಾಗ ಸಿಕ್ಕಿದ್ದನ್ನು 'ಪಾರ್ಸ್ ಮಿನುತಾ ಪ್ರೀಮಾ' ಎಂದು ಕರೆದರು. 'ಮೊದಲನೆಯ ಚಿಕ್ಕ ಭಾಗ' ಎಂದು ಇದರ ಅರ್ಥ. ಎರಡನೆಯ ಸಲ ಭಾಗಿಸಿದಾಗ ಸಿಕ್ಕಿದ್ದು 'ಪಾರ್ಸ್ ಮಿನುತಾ ಸೆಕುಂದಾ', ಎಂದರೆ 'ಎರಡನೆಯ ಚಿಕ್ಕ ಭಾಗ'.

ಇಷ್ಟುದ್ದದ ಹೆಸರನ್ನು ಯಾರು ದಿನವೂ ಹೇಳಿಯಾರು? ಮೊದಲನೆಯದರಲ್ಲಿ 'ಮಿನುತಾ' ಮಾತ್ರ ಉಳಿದು ಮಿನಿಟ್ ಆಯಿತು. ಎರಡನೆಯದರಲ್ಲಿ 'ಸೆಕುಂದಾ' ಮಾತ್ರ ಉಳಿದು ಸೆಕೆಂಡ್ ಆಯಿತು. ನಾವು ಮೊಬೈಲ್ ಫೋನ್ ಎನ್ನುವುದನ್ನು ಬಿಟ್ಟು ಬರೀ ಮೊಬೈಲ್ ಎನ್ನುತ್ತೇವಲ್ಲ, ಹಾಗೆ. ಮೊಬೈಲ್ ಎಂದರೆ 'ಅತ್ತಿತ್ತ ಒಯ್ಯಬಹುದಾದ' ಎಂದಷ್ಟೆ ಅರ್ಥ. ಫೋನ್ ಎಂಬ ಮುಖ್ಯ ಪದವೇ ಬಿದ್ದುಹೋಗಿದೆ.

ಹಾಗಾಗಿ ನಾವು ಹುಡುಕುತ್ತಿದ್ದ ಮೊದಲನೆಯದು ಮಿನಿಟ್, ನಮ್ಮ ನಿಮಿಷ. ಮಿನಿಟ್ ಎಂದು ಬರೆಯುವ ಅದೇ ಇಂಗ್ಲಿಷ್ ಅಕ್ಷರಗಳನ್ನು 'ಮೈನ್ಯೂಟ್' ಎಂದು ಓದಿದರೆ 'ಬಹಳ ಚಿಕ್ಕ' ಎಂಬ ಅರ್ಥ ಬರುತ್ತದೆ. ಅರಬ್ಬಿ ಭಾಷೆಯಲ್ಲಿಯೂ ಹೀಗೆಯೇ. ಅಲ್ಲಿ ಮಿನಿಟಿಗೆ ದಕೀಕಾ, ಎಂದರೆ ಸೂಕ್ಷ್ಮವಾದದ್ದು. ಸೆಕೆಂಡಿಗೆ ಸಾನಿಯಾ, ಎಂದರೆ ಎರಡನೆಯದು.

ಡಿಗ್ರಿಗೆ ಮಾಡಿದ್ದನ್ನೇ ಖಗೋಳಜ್ಞರು ಗಂಟೆಗೂ ಮಾಡಿದರು. ಕ್ರಿ.ಶ. 1000ದ ಸುಮಾರಿಗೆ ಅಲ್ ಬಿರೂನಿ ಎಂಬ ವಿದ್ವಾಂಸ ಅಮಾವಾಸ್ಯೆಯ ಕಾಲವನ್ನು ಲೆಕ್ಕ ಹಾಕುವಾಗ ಗಂಟೆ, ಮಿನಿಟು, ಸೆಕೆಂಡುಗಳನ್ನು ಬಳಸಿದ. ಅಲ್ಲಿಗೇ ನಿಲ್ಲದೆ ಮೂರನೆಯ ಭಾಗ, ನಾಲ್ಕನೆಯ ಭಾಗಗಳಿಗೂ ಹೋದ. ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಬಿರೂನಿ ಇವನೇ. 1267ರಲ್ಲಿ ಇಂಗ್ಲೆಂಡಿನ ರೋಜರ್ ಬೇಕನ್ ಹುಣ್ಣಿಮೆಗಳ ಕಾಲವನ್ನು ಹೀಗೆಯೇ ಬರೆದ. ಬೇಕನ್‌ನ ಕಾಲದಲ್ಲಿ ಸೆಕೆಂಡನ್ನು ತೋರಿಸುವ ಗಡಿಯಾರವೇ ಇರಲಿಲ್ಲ. ಸೆಕೆಂಡು ಮೊದಲು ಹುಟ್ಟಿದ್ದು ಕಾಗದದ ಮೇಲೆ, ಲೆಕ್ಕದಲ್ಲಿ.

ನಮ್ಮ ಘಳಿಗೆ, ವಿಘಳಿಗೆ

ಅರವತ್ತರ ಮೇಲೆ ನಮ್ಮ ದೇಶದವರಿಗೂ ಅಷ್ಟೇ ಪ್ರೀತಿ. ನಮ್ಮಲ್ಲಿ ಇಡೀ ದಿನವನ್ನೇ, ಹಗಲು ರಾತ್ರಿ ಸೇರಿಸಿ, ಅರವತ್ತು ಘಳಿಗೆ ಮಾಡಿದ್ದರು. ಒಂದು ಘಳಿಗೆಗೆ ಅರವತ್ತು ವಿಘಳಿಗೆ. ಇವತ್ತಿಗೂ ಪಂಚಾಂಗ ತೆರೆದರೆ ಘಟಿ, ವಿಘಟಿ ಎಂಬ ಅಂಕಣಗಳನ್ನು ಕಾಣಬಹುದು. ಸೆಕೆಂಡಿನ ಕಥೆ ಕೇಳಿದ ಮೇಲೆ 'ವಿಘಳಿಗೆ' ಎಂಬ ಹೆಸರು ನಿಮಗೆ ಬೇರೆಯಾಗಿಯೇ ಕಂಡೀತು. ಅಲ್ಲಿಯೂ ಒಮ್ಮೆ ಭಾಗಿಸಿ, ಮತ್ತೆ ಭಾಗಿಸಿ, ಹಳೆಯ ಹೆಸರಿನಿಂದಲೇ ಹೊಸ ಹೆಸರು ಮಾಡಿಕೊಂಡಿದ್ದಾರೆ.

ಒಂದು ಲೆಕ್ಕ ಮಾಡಿ. ದಿನಕ್ಕೆ 24 ಗಂಟೆ, ಗಂಟೆಗೆ 60 ನಿಮಿಷ. ಗುಣಿಸಿದರೆ 1,440 ನಿಮಿಷ. ಇದನ್ನು 60 ಘಳಿಗೆಗೆ ಹಂಚಿದರೆ ಒಂದು ಘಳಿಗೆಗೆ 24 ನಿಮಿಷ. ಹಾಗೆಯೇ ಒಂದು ವಿಘಳಿಗೆಗೆ 24 ಸೆಕೆಂಡು. ನಿಮ್ಮ ಶಾಲೆಯ ಒಂದು ಪೀರಿಯಡ್ 40 ನಿಮಿಷದ್ದಾದರೆ ಅದು ಸರಿಯಾಗಿ ನೂರು ವಿಘಳಿಗೆ. ಬೇಸರದ ಪಾಠವಾದರೆ ಅದೇ ಹೆಚ್ಚು ಎನಿಸೀತು!

ಘಳಿಗೆಯನ್ನು ಅಳೆಯಲು ಘಳಿಗೆ ಬಟ್ಟಲು ಇತ್ತು. ತೆಳುವಾದ ತಾಮ್ರದ ಬಟ್ಟಲಿನ ತಳದಲ್ಲಿ ಸಣ್ಣ ತೂತು. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ನೀರು ನಿಧಾನವಾಗಿ ಒಳಗೆ ತುಂಬಿ, ಒಂದು ಘಳಿಗೆಗೆ ಸರಿಯಾಗಿ ಬಟ್ಟಲು ಮುಳುಗುತ್ತಿತ್ತು. ವಿಘಳಿಗೆಯ ಆರನೆಯ ಒಂದು ಭಾಗಕ್ಕೆ 'ಪ್ರಾಣ' ಎಂದು ಹೆಸರು. ಅದು 4 ಸೆಕೆಂಡು. ಸುಮ್ಮನೆ ಕುಳಿತ ದೊಡ್ಡವರು ಒಮ್ಮೆ ಉಸಿರಾಡಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು.

ನಿಮಿಷ ಎಂಬ ಪದದ ಅರ್ಥ ಇನ್ನೂ ತಮಾಷೆಯದು. ಸಂಸ್ಕೃತದಲ್ಲಿ ನಿಮಿಷ ಎಂದರೆ ರೆಪ್ಪೆ ಮಿಟುಕಿಸುವಷ್ಟು ಕಾಲ. ರೆಪ್ಪೆ ಬಡಿಯಲು ಅರ್ಧ ಸೆಕೆಂಡೂ ಬೇಡ. ಇಂಗ್ಲಿಷಿನ ಮಿನಿಟಿಗೆ ಕನ್ನಡದಲ್ಲಿ ಪದ ಬೇಕಾದಾಗ ಈ ಹಳೆಯ ಪದವನ್ನು ಹಿಗ್ಗಿಸಿ 60 ಸೆಕೆಂಡಿಗೆ ಕೂರಿಸಿದ್ದೇವೆ. ಗಂಟೆಯ ಕಥೆಯೂ ಹೀಗೆಯೇ. ಬಾರಿಸುವ ಗಂಟೆಯೇ ಹೊತ್ತಿನ ಗಂಟೆಯಾಯಿತು. ಇಂಗ್ಲಿಷಿನ ಕ್ಲಾಕ್ ಪದವೂ ಲ್ಯಾಟಿನ್ನಿನ 'ಕ್ಲೊಕ್ಕಾ', ಎಂದರೆ ಗಂಟೆ, ಎಂಬುದರಿಂದ ಬಂದದ್ದು.

ದಾರಕ್ಕೆ ಕಟ್ಟಿದ ಕಲ್ಲು

ಯೂರೋಪಿನ ಮೊದಲ ಯಂತ್ರ ಗಡಿಯಾರಗಳಿಗೆ ಒಂದೇ ಮುಳ್ಳು ಇರುತ್ತಿತ್ತು. ಅದು ಗಂಟೆಯ ಮುಳ್ಳು. ದಿನಕ್ಕೆ ಕಾಲು ಗಂಟೆಯಷ್ಟು ತಪ್ಪುವ ಯಂತ್ರಕ್ಕೆ ಸೆಕೆಂಡಿನ ಮುಳ್ಳು ಹಾಕಿ ಏನು ಪ್ರಯೋಜನ? 1656ರಲ್ಲಿ ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ. ತಪ್ಪು ದಿನಕ್ಕೆ ಸುಮಾರು 15 ಸೆಕೆಂಡಿಗೆ ಇಳಿಯಿತು. ಲೆಕ್ಕದಲ್ಲಿದ್ದ ಸೆಕೆಂಡು ಈಗ ಕಿವಿಗೆ ಕೇಳುವಂತಾಯಿತು.

ನೀವೂ ಒಂದು ಸೆಕೆಂಡನ್ನು ಮಾಡಬಹುದು. ಗಟ್ಟಿಯಾದ ದಾರಕ್ಕೆ ಒಂದು ಚಿಕ್ಕ ಕಲ್ಲನ್ನು ಕಟ್ಟಿ. ದಾರದ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೋ ಬಾಗಿಲ ಮೇಲಿನ ಮೊಳೆಗೋ ಕಟ್ಟಿ ತೂಗುಬಿಡಿ. ಕಟ್ಟಿದ ಜಾಗದಿಂದ ಕಲ್ಲಿನ ನಡುಭಾಗದವರೆಗೆ 99 ಸೆಂಟಿಮೀಟರ್ ಇರಲಿ. ಕಲ್ಲನ್ನು ಒಂದು ಗೇಣಿಗಿಂತ ಕಡಿಮೆ ದೂರ ಪಕ್ಕಕ್ಕೆ ಎಳೆದು ಬಿಡಿ, ನೂಕಬೇಡಿ. ಅದು ಈ ತುದಿಯಿಂದ ಆ ತುದಿಗೆ ಹೋಗಲು ಒಂದು ಸೆಕೆಂಡು, ಮರಳಿ ಬರಲು ಇನ್ನೊಂದು ಸೆಕೆಂಡು ಹಿಡಿಯುತ್ತದೆ. ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿ. ಹೋಗುವುದೊಂದು, ಬರುವುದೊಂದು ಎಂದು ಎಣಿಸಿದರೆ 60 ಆಗಬೇಕು. ಕಲ್ಲನ್ನು ಬದಲಿಸಿ ಭಾರದ್ದನ್ನು ಕಟ್ಟಿ ನೋಡಿ. ಲೆಕ್ಕ ಬದಲಾಗುವುದಿಲ್ಲ. ದಾರವನ್ನು ಸುಮಾರು 25 ಸೆಂಟಿಮೀಟರಿಗೆ ಇಳಿಸಿ ನೋಡಿ. ಎಷ್ಟಾಯಿತು ಎಂಬುದನ್ನು ನೀವೇ ಬರೆದಿಡಿ. ಉದ್ದ ಕಾಲು ಭಾಗವಾದಾಗ ಕಾಲವೂ ಕಾಲು ಭಾಗವಾಗುತ್ತದೆಯೇ, ಅರ್ಧವಾಗುತ್ತದೆಯೇ?

ಸೆಕೆಂಡು ಎಣಿಸಲು ಬಂದರೆ ಮಳೆಗಾಲದಲ್ಲಿ ಉಪಯೋಗವಿದೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 6 ಎಣಿಸಿದಾಗ ಗುಡುಗು ಕೇಳಿದರೆ ಸಿಡಿಲು ಎರಡು ಕಿಲೋಮೀಟರ್ ದೂರದಲ್ಲಿದೆ. ಆದರೆ ಎಣಿಸುವುದನ್ನು ಹೊಲದಲ್ಲಿ, ಮರದ ಕೆಳಗೆ ನಿಂತು ಮಾಡಬೇಡಿ. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರದಲ್ಲಿದೆ ಎಂದೇ ತಿಳಿದು ಕಟ್ಟಡದ ಒಳಗೆ ಹೋಗಿ.

ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಏನು ಬೆಲೆ ಎಂದು ಕೇಳಿದರೆ ಪಿ.ಟಿ. ಉಷಾ ಹೇಳಬಲ್ಲರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಅವರು 55.42 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಮೂರನೆಯ ಸ್ಥಾನ ಪಡೆದ ರುಮೇನಿಯದ ಓಟಗಾರ್ತಿಯ ಕಾಲ 55.41. ಆ ವೇಗದಲ್ಲಿ 0.01 ಸೆಕೆಂಡು ಎಂದರೆ ಸುಮಾರು 7 ಸೆಂಟಿಮೀಟರ್ ದೂರ. ಅಷ್ಟರಲ್ಲಿ ಕಂಚಿನ ಪದಕ ಕೈತಪ್ಪಿತು.

ಭೂಮಿಯೇ ತಪ್ಪುತ್ತದೆ

ಸೆಕೆಂಡು ಎಂದರೆ ಎಷ್ಟು ಎಂದು ಹೇಳುವುದು ಬಹುಕಾಲ ಸುಲಭವಾಗಿತ್ತು. 24ನ್ನು 60ರಿಂದ ಗುಣಿಸಿ, ಮತ್ತೆ 60ರಿಂದ ಗುಣಿಸಿ. 86,400 ಬರುತ್ತದೆ. ಭೂಮಿ ನಮಗೆ ಕೊಡುವ ಒಂದು ದಿನದಲ್ಲಿ 86,400ನೆಯ ಒಂದು ಭಾಗವೇ ಸೆಕೆಂಡು. (ನಡುವೆ ಒಮ್ಮೆ ಫ್ರಾನ್ಸಿನವರು, 1793ರಲ್ಲಿ, ದಿನಕ್ಕೆ 10 ಗಂಟೆ, ಗಂಟೆಗೆ 100 ಮಿನಿಟು, ಮಿನಿಟಿಗೆ 100 ಸೆಕೆಂಡು ಎಂದು ಕಾನೂನು ಮಾಡಿದರು. ಜನ ಒಪ್ಪಲಿಲ್ಲ. 1795ರಲ್ಲಿ ಕೈಬಿಟ್ಟರು.)

ಈ ಲೆಕ್ಕ ಸರಿಯಾಗಬೇಕಾದರೆ ಭೂಮಿ ಎಂದಿಗೂ ಒಂದೇ ವೇಗದಲ್ಲಿ ತಿರುಗಬೇಕು. ಅದು ಹಾಗೆ ತಿರುಗುವುದಿಲ್ಲ. ಚಂದ್ರನ ಸೆಳೆತದಿಂದ ಕಡಲಿನಲ್ಲಿ ಉಬ್ಬರ ಇಳಿತಗಳಾಗುತ್ತವಲ್ಲ, ಅವು ತಿರುಗುವ ಭೂಮಿಗೆ ಬ್ರೇಕು ಹಾಕಿದಂತೆ ಕೆಲಸ ಮಾಡುತ್ತವೆ. ಬಹಳ ಮೆತ್ತನೆಯ ಬ್ರೇಕು. ನೂರು ವರ್ಷಕ್ಕೆ ಒಂದು ದಿನದ ಉದ್ದ ಸೆಕೆಂಡಿನ ಸಾವಿರದ ಎರಡು ಭಾಗದಷ್ಟೂ ಹೆಚ್ಚುವುದಿಲ್ಲ. ಆದರೆ ಇದು ಕೂಡುತ್ತಾ ಹೋಗುತ್ತದೆ. ಸುಮಾರು 40 ಕೋಟಿ ವರ್ಷಗಳ ಹಿಂದಿನ ಹವಳದ ಪಳೆಯುಳಿಕೆಗಳಲ್ಲಿ ದಿನದಿನದ ಬೆಳವಣಿಗೆಯ ಗೆರೆಗಳಿವೆ. ಅವುಗಳನ್ನು ಎಣಿಸಿದಾಗ ಆಗ ವರ್ಷಕ್ಕೆ ಸುಮಾರು 400 ದಿನಗಳಿದ್ದವು ಎಂದು ತಿಳಿಯಿತು. ವರ್ಷ ಚಿಕ್ಕದಾಗಿರಲಿಲ್ಲ. ದಿನ ಚಿಕ್ಕದಾಗಿತ್ತು.

ಆದ್ದರಿಂದ ವಿಜ್ಞಾನಿಗಳು ಸೆಕೆಂಡಿಗೆ ಬೇರೆ ಆಸರೆ ಹುಡುಕಿದರು. ಅದು ಸೀಸಿಯಂ ಎಂಬ ಲೋಹದ ಪರಮಾಣು. 1955ರಲ್ಲಿ ಇಂಗ್ಲೆಂಡಿನ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಗಡಿಯಾರವನ್ನು ನಡೆಸಿ ತೋರಿಸಿದರು. ಗಡಿಯಾರದ ಲೋಲಕ ತೂಗುವಂತೆ ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ಒಂದು ಅಲೆ ಎಂದಿಗೂ ಒಂದೇ ಲಯದಲ್ಲಿ ಕಂಪಿಸುತ್ತದೆ. ಆ ಕಂಪನಗಳನ್ನು 919 ಕೋಟಿ 26 ಲಕ್ಷ 31 ಸಾವಿರದ 770ರವರೆಗೆ ಎಣಿಸಿದರೆ ಒಂದು ಸೆಕೆಂಡು. 1967ರಲ್ಲಿ ಜಗತ್ತು ಇದನ್ನು ಒಪ್ಪಿಕೊಂಡಿತು. ಬೆಂಗಳೂರಿನ ಸೀಸಿಯಂ ಪರಮಾಣುವಿಗೂ ಬ್ರೆಜಿಲಿನ ಸೀಸಿಯಂ ಪರಮಾಣುವಿಗೂ ಯಾವ ವ್ಯತ್ಯಾಸವೂ ಇಲ್ಲ. ಅದು ಸವೆಯುವುದಿಲ್ಲ, ಕೀ ಕೊಡಬೇಕಾಗಿಲ್ಲ. ನಮ್ಮ ದೇಶದ ಅಧಿಕೃತ ಕಾಲವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಇಂಥ ಗಡಿಯಾರಗಳಿಂದಲೇ ಕಾಯುತ್ತದೆ.

ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲು ಕೂಡ ಈಗ ಸೆಕೆಂಡಿನ ಅಧೀನ. 1983ರಿಂದ ಮೀಟರ್ ಎಂದರೆ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಕ್ರಮಿಸುವ ದೂರ.

ಇಷ್ಟು ಸೂಕ್ಷ್ಮ ಯಾರಿಗೆ ಬೇಕು ಎನ್ನುತ್ತೀರಾ? ಮೊಬೈಲಿನಲ್ಲಿ ದಾರಿ ಹುಡುಕುವ ಎಲ್ಲರಿಗೂ ಬೇಕು. ಉಪಗ್ರಹಗಳಿಂದ ಹೊರಟ ಸಂಕೇತ ಎಷ್ಟು ಹೊತ್ತಿಗೆ ತಲುಪಿತು ಎಂಬುದರಿಂದಲೇ ಮೊಬೈಲು ನಾವಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅಪಘಾತದ ಜಾಗಕ್ಕೆ ಬರಬೇಕಾದ ಆಂಬುಲೆನ್ಸು ಪಕ್ಕದ ಬೀದಿಗೆ ಹೋಗಿ ನಿಲ್ಲಲು ಅಷ್ಟು ಸಾಕು. ಹೀಗಾಗಿ ಇಂಥ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನೇ ಇಡುತ್ತಾರೆ. ನಮ್ಮ ಇಸ್ರೋ ಸಂಸ್ಥೆಯ ನ್ಯಾವಿಕ್ ವ್ಯವಸ್ಥೆಗಾಗಿ 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಮೊದಲ ಬಾರಿಗೆ ಭಾರತದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರ ಇತ್ತು.

ಆದರೆ ಪರಮಾಣುವನ್ನು ನಂಬಿದ್ದರಿಂದ ಒಂದು ತೊಡಕೂ ಹುಟ್ಟಿತು. ಗಡಿಯಾರ ಒಂದು ಲೆಕ್ಕ ಹೇಳುತ್ತದೆ, ಭೂಮಿ ಇನ್ನೊಂದು ಹೇಳುತ್ತದೆ. ಇಬ್ಬರನ್ನೂ ಸರಿತೂಗಿಸಲು 1972ರಿಂದ ಆಗಾಗ ಒಂದು 'ಅಧಿಕ ಸೆಕೆಂಡು' ಸೇರಿಸುತ್ತಾ ಬಂದರು, ಅಧಿಕ ಮಾಸ ಸೇರಿಸುವಂತೆ. ಒಟ್ಟು 27 ಸಲ ಹೀಗೆ ಮಾಡಲಾಗಿದೆ. ಕೊನೆಯದು ಸೇರಿದಾಗ ನಮ್ಮಲ್ಲಿ 2017ರ ಜನವರಿ 1ರ ಬೆಳಗಿನ ಜಾವ. ಗಡಿಯಾರ 5 ಗಂಟೆ 29 ನಿಮಿಷ 59 ಸೆಕೆಂಡಿನಿಂದ ನೇರವಾಗಿ ಐದೂವರೆಗೆ ಹೋಗಲಿಲ್ಲ. ನಡುವೆ '60ನೆಯ ಸೆಕೆಂಡು' ಎಂಬುದೊಂದು ಬಂದು ಹೋಯಿತು. ಆ ನಿಮಿಷದಲ್ಲಿ 61 ಸೆಕೆಂಡುಗಳಿದ್ದವು.

ಕಂಪ್ಯೂಟರುಗಳಿಗೆ ಈ 61ನೆಯ ಸೆಕೆಂಡು ದೊಡ್ಡ ತಲೆನೋವು. ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಭೂಮಿ ತುಸು ಚುರುಕಾಗಿ ತಿರುಗಿದ್ದರಿಂದ ಒಂದು ಸೆಕೆಂಡನ್ನು ತೆಗೆದುಹಾಕಬೇಕಾದೀತೇ ಎಂಬ ಚರ್ಚೆಯೂ ಎದ್ದಿದೆ. ಭೂಮಿಯ ಲೆಕ್ಕಕ್ಕೂ ಪರಮಾಣುವಿನ ಲೆಕ್ಕಕ್ಕೂ ನಡುವೆ ಈಗಿರುವುದಕ್ಕಿಂತ ಹೆಚ್ಚಿನ ಅಂತರವನ್ನು 2035ರ ಒಳಗೆ ಒಪ್ಪಿಕೊಳ್ಳಬೇಕೆಂದು 2022ರಲ್ಲಿ ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಸಮ್ಮೇಳನ ತೀರ್ಮಾನಿಸಿತು. ಅದು ಜಾರಿಗೆ ಬಂದ ಮೇಲೆ ಬಹುಕಾಲ ಅಧಿಕ ಸೆಕೆಂಡಿನ ಗೋಜು ಇರುವುದಿಲ್ಲ. ಆಗ ನಿಮ್ಮಲ್ಲಿ ಹಲವರು ಕಾಲೇಜಿನಲ್ಲಿ ಇರುತ್ತೀರಿ.